ಹಳೇ ವ್ಯಾನ್ ಡೈರಿ: ಬೆಂಕಿ ಹಚ್ಚಿದ್ರೆ ತಣ್ಣಗಾಗೋ ಫ್ರಿಜ್

1/8

ಹೋದ ತಿಂಗಳು ಗ್ಲೆನ್‌ಕೋ ಬೆಟ್ಟದ ಫೋಟೋ ಹಾಕಿದಾಗ ತುಂಬಾ ಜನ "ವ್ಯಾನ್ ಲೈಫ್ ಅಂದ್ರೆ ಇದು ಕಣೇ" ಅಂತ ಕಾಮೆಂಟ್ ಮಾಡಿದ್ರಿ. ಆ ಫೋಟೋ ತೆಗೆದ ರಾತ್ರಿ ಏನಾಯ್ತು ಅಂತ ನಾನು ಬರೆದಿರಲಿಲ್ಲ. ಬರೆಯೋಕೆ ನಾಚಿಕೆ ಆಗಿತ್ತು. ಈಗ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಎಂಟು ಪೋಸ್ಟ್. ಒಂದೇ ಸಲಕ್ಕೆ ಓದೋಕೆ ಆಗದಿದ್ರೆ ಸೇವ್ ಮಾಡ್ಕೊಳ್ಳಿ.

ಹೊಸದಾಗಿ ಫಾಲೋ ಮಾಡಿದವರಿಗೆ: ನಾನು ಶಿವಮೊಗ್ಗದವಳು. ಮೆಕ್ಯಾನಿಕಲ್ ಮುಗಿಸಿ ಈಗ ಗ್ಲಾಸ್ಗೋದಲ್ಲಿ ಮಾಸ್ಟರ್ಸ್. ನನ್ನ ಅಪ್ಪನಿಗೆ ಫ್ರಿಜ್ ರಿಪೇರಿ ಅಂಗಡಿ. ಬಿಚ್ಚಿಟ್ಟ ಕಂಪ್ರೆಸರ್‌ಗಳ ನಡುವೆ ಕೂತು ಹೋಮ್‌ವರ್ಕ್ ಮಾಡಿ ಬೆಳೆದ ಹುಡುಗಿ ನಾನು. ಅದಕ್ಕೇ ಈ ಕಥೆ ಹೇಳೋಕೆ ಇನ್ನೂ ಕಷ್ಟ.

ಆಗಸ್ಟಲ್ಲಿ ನಾನು, ನನ್ನ ರೂಮ್‌ಮೇಟ್, ನಮ್ಮ ಸ್ಕಾಟಿಷ್ ಲ್ಯಾಬ್‌ಮೇಟ್ ಮೂರೂ ಜನ ದುಡ್ಡು ಹಾಕಿ 1995ರ ಒಂದು ಕ್ಯಾಂಪರ್ ವ್ಯಾನ್ ತಗೊಂಡ್ವಿ. ಡ್ರೈವಿಂಗ್ ಅವನದು, ಅಡುಗೆ ರೂಮ್‌ಮೇಟ್‌ದು, "ಟೆಕ್ನಿಕಲ್" ನನ್ನದು. ಮಾರಿದ ಮನುಷ್ಯ ಬೆಲೆ ಕಮ್ಮಿ ಮಾಡೋಕೆ ಒಂದೇ ಕಾರಣ ಕೊಟ್ಟ: "ಗ್ಯಾಸ್ ಫ್ರಿಜ್ ಕೆಟ್ಟಿದೆ."

ಗ್ಯಾಸ್ ಫ್ರಿಜ್ ಅಂದ ತಕ್ಷಣ ನಾನು ಒಳಗೊಳಗೇ ನಕ್ಕೆ. ಫ್ರಿಜ್‌ಗೆ ಗ್ಯಾಸ್ ತುಂಬಿಸೋದು ತಾನೇ? ನಮ್ಮಪ್ಪ ದಿನಕ್ಕೆರಡು ಮಾಡ್ತಾರೆ.

2/8

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫ್ರಿಜ್ ಹಿಂದಿನ ಭಾಗ ತೋರಿಸಿದೆ. ಅವರು ಮೊದಲು ಕೇಳಿದ್ದು "ಕಂಪ್ರೆಸರ್ ಎಲ್ಲಿ ಪುಟ್ಟಿ?"

ಕಂಪ್ರೆಸರ್ ಇರಲಿಲ್ಲ. ಮೋಟರ್ ಇಲ್ಲ, ಫ್ಯಾನ್ ಇಲ್ಲ. ಸುತ್ತಿಕೊಂಡ ಕಬ್ಬಿಣದ ಪೈಪುಗಳು, ಕೆಳಗೆ ನಮ್ಮ ಗೀಸರ್‌ನಲ್ಲಿ ಇರೋ ಹಾಗೆ ಒಂದು ಪುಟ್ಟ ಬರ್ನರ್. ಮುಂದೆ ಒಂದು ಗುಬುಟು, ಅದರಲ್ಲಿ ಮೂರು ಚಿತ್ರ: ಬ್ಯಾಟರಿ, ಪ್ಲಗ್, ಬೆಂಕಿ.

"ಬೆಂಕಿ ಹಚ್ಚಿದ್ರೆ ಫ್ರಿಜ್ ತಣ್ಣಗಾಗುತ್ತಾ? ಯಾರೋ ನಿನಗೆ ಟೋಪಿ ಹಾಕಿದಾರೆ" ಅಂದ್ರು ಅಪ್ಪ.

ಆಗ ನನಗೆ ಥರ್ಮೋ ಪೇಪರ್ ನೆನಪಾಯ್ತು. ನಮ್ಮ ಕ್ಲಾಸಿನವರೇ, ನಿಮಗೂ ನೆನಪಿರಬೇಕು. "ವೇಪರ್ ಅಬ್ಸಾರ್ಪ್ಶನ್ ರೆಫ್ರಿಜರೇಟರನ್ನು ಅಂದವಾದ ಚಿತ್ರದೊಂದಿಗೆ ವಿವರಿಸಿ." ಅದೇ ಪಾಠದ ಕೊನೆಗೆ ಎಲೆಕ್ಟ್ರೋಲಕ್ಸ್ ಫ್ರಿಜ್ ಅಂತ ಇನ್ನೊಂದು ಚಿತ್ರ ಇತ್ತಲ್ಲ, ಅಮೋನಿಯಾ, ನೀರು, ಹೈಡ್ರೋಜನ್ ಮೂರೂ ಇರೋದು? ನಾನು ಅದನ್ನ ಬಾಯಿಪಾಠ ಮಾಡಿ, ಬಾಣದ ಗುರುತು ಎಲ್ಲಾ ಸರಿಯಾಗಿ ಹಾಕಿ, ಮಾರ್ಕ್ಸ್ ತಗೊಂಡು ಮರೆತಿದ್ದೆ. ಅದು ನಿಜವಾಗಲೂ ಜಗತ್ತಲ್ಲಿ ಇದೆ, ಅದರೊಳಗೆ ಯಾರೋ ಹಾಲು ಇಡ್ತಾರೆ ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

ಇದನ್ನ ಕಂಡುಹಿಡಿದವರೂ ನಮ್ಮ ಹಾಗೇ ವಿದ್ಯಾರ್ಥಿಗಳು. ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದ್ತಿದ್ದ ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, 1922ರಲ್ಲಿ. ಆಮೇಲೆ ಎಲೆಕ್ಟ್ರೋಲಕ್ಸ್ ಕಂಪನಿ ಹಕ್ಕು ತಗೊಂಡು 1925ರಿಂದ ಮಾರೋಕೆ ಶುರು ಮಾಡಿತು. ನೂರು ವರ್ಷ ಆದ್ರೂ ಹಳೇ ವ್ಯಾನ್‌ಗಳಲ್ಲಿ ಕೆಲಸ ಮಾಡ್ತಿರೋದು ಅದೇ ಐಡಿಯಾ.

3/8

ಅಪ್ಪನಿಗೆ ನಾನು ವಿವರಿಸಿದ ಹಾಗೇ ನಿಮಗೂ ಹೇಳ್ತೀನಿ. (ಅವರಿಗೆ ನಾನು ಫ್ರಿಜ್ ಬಗ್ಗೆ ಪಾಠ ಮಾಡಿದ್ದು ಜೀವನದಲ್ಲಿ ಅದೇ ಮೊದಲು.)

ಬೇಸಿಗೆಯಲ್ಲಿ ಮಣ್ಣಿನ ಮಡಕೆ ನೀರು ಯಾಕೆ ತಣ್ಣಗಿರುತ್ತೆ? ಮಡಕೆ ಮೈಯಿಂದ ನೀರು ಆವಿಯಾಗ್ತಾ ಒಳಗಿನ ಶಾಖ ಎಳ್ಕೊಂಡು ಹೋಗುತ್ತೆ. ಹೆಚ್ಚಿನ ಫ್ರಿಜ್‌ಗಳ ಒಳಗುಟ್ಟೂ ಅಷ್ಟೇ. ಯಾವುದೋ ದ್ರವ ಒಳಗೆ ಆವಿಯಾಗಬೇಕು, ಹೊರಗೆ ಬಂದು ಮತ್ತೆ ದ್ರವ ಆಗಬೇಕು. ಮನೆ ಫ್ರಿಜ್‌ನಲ್ಲಿ ಈ ಕೆಲಸ ಮಾಡಿಸೋದು ಕಂಪ್ರೆಸರ್. ಇಲ್ಲಿ ಮಾಡಿಸೋದು ಬೆಂಕಿ.

ಕೆಳಗಿನ ಬಾಯ್ಲರ್‌ನಲ್ಲಿ ಅಮೋನಿಯಾ ಕರಗಿರೋ ನೀರು ಇರುತ್ತೆ. ಕೆಳಗೆ ಪುಟ್ಟ ನೀಲಿ ಉರಿ. ಬಿಸಿಯಾದಾಗ ಅಮೋನಿಯಾ ನೀರನ್ನ ಬಿಟ್ಟು ಆವಿಯಾಗಿ ಮೇಲಕ್ಕೆ ಹೋಗುತ್ತೆ. ಮೇಲಿನ ಪೈಪಲ್ಲಿ ಶಾಖ ಹೊರಗೆ ಬಿಟ್ಟು ದ್ರವ ಆಗುತ್ತೆ. ಅಲ್ಲಿಂದ ಫ್ರೀಜರ್ ಹಿಂದಿನ ಪೈಪಿಗೆ ಇಳಿಯುತ್ತೆ. ಅಲ್ಲಿ ಹೈಡ್ರೋಜನ್ ಕಾಯ್ತಾ ಇರುತ್ತೆ. ಇಡೀ ಪೈಪಿನೊಳಗೆ ಒಟ್ಟು ಪ್ರೆಶರ್ ಒಂದೇ, ಆದ್ರೆ ಹೈಡ್ರೋಜನ್ ತನ್ನ ಪಾಲು ತಗೊಳ್ಳೋದ್ರಿಂದ ಅಮೋನಿಯಾ ಪಾಲಿಗೆ ಪ್ರೆಶರ್ ಕಮ್ಮಿ. ಅದಕ್ಕೆ ಅದು ಆರಾಮಾಗಿ ಆವಿಯಾಗಿ ನಿಮ್ಮ ಹಾಲು, ಮೊಸರಿನ ಶಾಖ ಎಳ್ಕೊಳ್ಳುತ್ತೆ. ಆಮೇಲೆ ನೀರು ಅಮೋನಿಯಾನ ಮತ್ತೆ ಹೀರ್ಕೊಳ್ಳುತ್ತೆ, ಹೈಡ್ರೋಜನ್ ಬಿಡುಗಡೆಯಾಗಿ ವಾಪಸ್. ಡಾಲ್ಟನ್ ನಿಯಮ ಅಂತ ಪಿಯುಸಿಯಲ್ಲಿ ಓದಿದ್ವಲ್ಲ, ಅದೇ.

ತಿರುಗೋ ಭಾಗ ಒಂದೂ ಇಲ್ಲ. ಎಲ್ಲಾ ನಡೆಯೋದು ಶಾಖ ಮತ್ತು ಇಳಿಜಾರಿನ ಮೇಲೆ. ಅದಕ್ಕೇ ಶಬ್ದವೇ ಇಲ್ಲ. ಅದಕ್ಕೇ ವ್ಯಾನ್ ಮಟ್ಟವಾಗಿ ನಿಂತಿರಲೇಬೇಕು. ಓರೆಯಾಗಿ ನಿಲ್ಲಿಸಿದ್ರೆ ಪೈಪಿನ ಎಲ್ಲೋ ಒಂದು ತಿರುವಲ್ಲಿ ದ್ರವ ನಿಂತು ಬಿಡುತ್ತೆ. ಅದಕ್ಕೇ ನಿಧಾನ ಕೂಡ. ಸಂಜೆ ಆನ್ ಮಾಡಿದ್ರೆ ಸರಿಯಾಗಿ ತಣ್ಣಗಾಗೋದು ಮಧ್ಯರಾತ್ರಿಗೆ.

ಅಪ್ಪ ಎಲ್ಲಾ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ "ಆ ಶಾಖ ಹೊರಗೆ ಹೋಗೋಕೆ ಹಿಂದೆ ಜಾಗ ಇದೆಯಾ ನೋಡು" ಅಂದ್ರು.

ಈ ಮಾತು ನೆನಪಿಟ್ಕೊಳ್ಳಿ. ನಾನು ಇಟ್ಕೊಳ್ಳಲಿಲ್ಲ.

4/8

ರಿಪೇರಿ ಭಾಗ. ಅಪ್ಪ ಹೇಳಿಕೊಟ್ಟ ಒಂದೇ ಸೂತ್ರ: "ಮೊದಲು ಯಾವುದು ಸರಿ ಇದೆ ಅಂತ ಹುಡುಕು."

ಮೂರು ಚಿತ್ರ ಇತ್ತಲ್ಲ? ಪ್ಲಗ್ ಅಂದ್ರೆ 230 ವೋಲ್ಟ್, ಕ್ಯಾಂಪ್‌ಸೈಟ್‌ನಲ್ಲಿ ಕರೆಂಟ್ ಸಿಕ್ಕಾಗ. ಬ್ಯಾಟರಿ ಅಂದ್ರೆ 12 ವೋಲ್ಟ್, ಎಂಜಿನ್ ಓಡ್ತಿರೋವಾಗ ಮಾತ್ರ. ಸುಮಾರು 10 ಆಂಪಿಯರ್ ಎಳೆಯುತ್ತೆ, ನಿಂತಾಗ ಬಿಟ್ರೆ ಬೆಳಿಗ್ಗೆ ಹೊತ್ತಿಗೆ ಬ್ಯಾಟರಿ ಸತ್ತಿರುತ್ತೆ. ಬೆಂಕಿ ಅಂದ್ರೆ ಗ್ಯಾಸ್, ಕರೆಂಟ್ ಇಲ್ಲದ ಕಡೆ ನಿಂತಾಗ. ಗಾಡಿ ಓಡ್ತಿರೋವಾಗ ನಾವು ಗ್ಯಾಸ್ ಮೋಡ್ ಹಾಕಲ್ಲ. ಪೆಟ್ರೋಲ್ ಬಂಕಿಗೆ ಹೋಗೋ ಮುಂಚೆ ಅಂತೂ ಆಫ್ ಆಗಿರಲೇಬೇಕು. ಉರಿಯೋ ದೀಪ ಹಿಡ್ಕೊಂಡು ಬಂಕಿಗೆ ಹೋದ ಹಾಗೆ ಅದು.

ಲ್ಯಾಬ್‌ಮೇಟ್ ಮನೆ ಮುಂದೆ ನಿಲ್ಲಿಸಿ, ಒಳಗೆ ಲೋಟದಲ್ಲಿ ನೀರಿಟ್ಟು ಮಟ್ಟ ನೋಡಿ, ಪ್ಲಗ್ ಹಾಕಿ ರಾತ್ರಿಯಿಡೀ ಬಿಟ್ವಿ. ಬೆಳಿಗ್ಗೆ ಐಸ್ ಆಗಿತ್ತು! ಅಂದ್ರೆ ಅಮೋನಿಯಾ, ಹೈಡ್ರೋಜನ್, ಪೈಪು ಎಲ್ಲಾ ಸರಿ. ಕೆಟ್ಟಿದ್ದು ಬೆಂಕಿ ಭಾಗ ಮಾತ್ರ. ಉರಿ ಹತ್ತುತ್ತಿತ್ತು, ಗುಬುಟು ಬಿಟ್ಟ ತಕ್ಷಣ ಆರಿಹೋಗ್ತಿತ್ತು.

ಗ್ಯಾಸ್ ಭಾಗಕ್ಕೆ ನಾವು ಕೈ ಹಾಕಲಿಲ್ಲ. ಇಲ್ಲಿ ಗ್ಯಾಸ್ ಸೇಫ್ ರಿಜಿಸ್ಟರ್ ಅಂತ ಇದೆ. ಅದರಲ್ಲಿ ಹೆಸರಿರೋ, ವ್ಯಾನ್‌ಗಳ ಎಲ್‌ಪಿಜಿ ಕೆಲಸ ಗೊತ್ತಿರೋ ಇಂಜಿನಿಯರನ್ನ ಕರೆಸಿದ್ವಿ. ನಾನು ಪಕ್ಕದಲ್ಲೇ ಕೂತು ನೋಡಿದೆ. ಉರಿ ಪಕ್ಕ ಒಂದು ತಾಮ್ರದ ಕಡ್ಡಿ ಇರುತ್ತೆ, ಥರ್ಮೋಕಪಲ್. ಬಿಸಿಯಾದಾಗ ಅದರಲ್ಲಿ ಕೆಲವೇ ಮಿಲಿವೋಲ್ಟ್ ಹುಟ್ಟುತ್ತೆ. ಆ ಪುಟಾಣಿ ಕರೆಂಟೇ ಗ್ಯಾಸ್ ವಾಲ್ವ್ ತೆರೆದು ಹಿಡಿದಿರುತ್ತೆ. ಗಾಳಿಗೆ ಉರಿ ಆರಿದ್ರೆ ಕಡ್ಡಿ ತಣ್ಣಗಾಗಿ ವಾಲ್ವ್ ತಾನೇ ಮುಚ್ಚುತ್ತೆ. ನಮ್ಮದರಲ್ಲಿ ಚಿಮಣಿಯಿಂದ ಉದುರಿದ ತುಕ್ಕು ಬರ್ನರ್ ಮೇಲೆ ಕೂತು, ಉರಿ ಕಡ್ಡಿಗೆ ಮುಟ್ಟುತ್ತಲೇ ಇರಲಿಲ್ಲ. ಅವರು ಕ್ಲೀನ್ ಮಾಡಿ, ಕಡ್ಡಿ ಬದಲಿಸಿ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದ ರಬ್ಬರ್ ಪೈಪ್ ಕಿತ್ತು ಹೊಸದು ಹಾಕಿದ್ರು. ಕೊನೆಗೆ ಜಾಯಿಂಟ್‌ಗಳಿಗೆ ಸೋಪಿನ ನೊರೆಯಂಥದ್ದನ್ನ ಹಚ್ಚಿ ಗುಳ್ಳೆ ಬರುತ್ತಾ ನೋಡಿದ್ರು. ಅಮ್ಮ ಸಿಲಿಂಡರ್ ಬದಲಿಸಿದಾಗೆಲ್ಲಾ ಸೋಪಿನ ನೀರು ಹಚ್ಚಿ ನೋಡೋದು ನೆನಪಾಗಿ ಕಣ್ಣು ತುಂಬಿ ಬಂತು. ಹಾಸ್ಯ ಮಾಡಬೇಡಿ.

ಹೋಗೋವಾಗ ಅವರು ನೆಲದಲ್ಲಿದ್ದ ಒಂದು ತೂತು ತೋರಿಸಿ "ಇದನ್ನ ಯಾವತ್ತೂ ಮುಚ್ಚಬೇಡಿ" ಅಂದ್ರು. ನಾನು ಐಸ್ ಟ್ರೇ ಫೋಟೋ ತೆಗೀತಾ "ಓಕೆ ಓಕೆ" ಅಂದೆ.

5/8

ಅಕ್ಟೋಬರ್ ಕೊನೆಯಲ್ಲಿ ಲಾಕ್ ಲೋಮಂಡ್ ಸರೋವರದ ಹತ್ತಿರ ನಿಂತಿದ್ವಿ. ಬೆಳಿಗ್ಗೆ ಕಿಟಕಿ ಮೇಲೆ ಮಂಜು ಗಟ್ಟಿಯಾಗಿತ್ತು. ಕಾಫಿ ಇಡೋಣ ಅಂದ್ರೆ ಒಲೆ ಹತ್ತಲ್ಲ. ಫ್ರಿಜ್ ಉರಿಯೂ ಆರಿತ್ತು. ಸಿಲಿಂಡರ್ ಅಲ್ಲಾಡಿಸಿದ್ರೆ ಒಳಗೆ ಗುಳಗುಳ ಅಂತಿದೆ, ಅಂದ್ರೆ ಗ್ಯಾಸ್ ಇದೆ. ಮತ್ತೆ ಯಾಕೆ ಬರ್ತಿಲ್ಲ?

ನಮ್ಮ ಸಿಲಿಂಡರ್ ನೀಲಿ ಬಣ್ಣದ್ದು. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ನೀಲಿ ಅಂದ್ರೆ ಬ್ಯೂಟೇನ್, ಕೆಂಪು ಅಂದ್ರೆ ಪ್ರೊಪೇನ್. ಬ್ಯೂಟೇನ್ ಕುದಿಯೋದು ಸುಮಾರು ಮೈನಸ್ 0.5 ಡಿಗ್ರಿಯಲ್ಲಿ. ಅದಕ್ಕಿಂತ ಚಳಿ ಇದ್ರೆ ಅದು ಸಿಲಿಂಡರ್ ಒಳಗೇ ದ್ರವವಾಗಿ ಮಲಗಿರುತ್ತೆ, ಆವಿಯಾಗಿ ಪೈಪಿಗೆ ಬರಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತೆ. ನಮ್ಮ ಮನೆ 14.2 ಕೆಜಿ ಸಿಲಿಂಡರ್‌ನಲ್ಲಿ ಇರೋದು ಈ ಎರಡರ ಮಿಶ್ರಣ. ಶಿವಮೊಗ್ಗದ ಚಳಿಗೆ ಈ ಸಮಸ್ಯೆ ಎಲ್ಲಿಂದ ಬರಬೇಕು?

ನಮ್ಮೂರ ಕಡೆ ಕೆಲವು ಹೋಟೆಲ್‌ಗಳಲ್ಲಿ ಸಿಲಿಂಡರ್‌ನ ಬಿಸಿನೀರಿನ ಟಬ್‌ನಲ್ಲಿ ನಿಲ್ಲಿಸೋದು ನೋಡಿರ್ತೀರ. ರೂಮ್‌ಮೇಟ್ ಅದೇ ಮಾಡೋಣ ಅಂದ್ಲು. ಬೇಡ ಅಂದೆ. ಅಷ್ಟು ಬುದ್ಧಿ ಇತ್ತು ನನಗೆ.

ವಾಪಸ್ ಬಂದು ಕೆಂಪು ಸಿಲಿಂಡರ್ ತಂದ್ವಿ. ಇಲ್ಲಿ ಇನ್ನೊಂದು ವಿಷಯ ಇದೆ. ಸುಮಾರು 2003ರ ನಂತರದ ವ್ಯಾನ್‌ಗಳಲ್ಲಿ ಗೋಡೆಗೆ ಹಾಕಿರೋ 30 ಮಿಲಿಬಾರ್‌ನ ಒಂದೇ ರೆಗ್ಯುಲೇಟರ್ ಎರಡೂ ಗ್ಯಾಸಿಗೆ ನಡೆಯುತ್ತೆ. ನಮ್ಮ ಹಾಗೆ ಹಳೇದಾದ್ರೆ ರೆಗ್ಯುಲೇಟರ್ ಸಿಲಿಂಡರ್ ತಲೆ ಮೇಲೇ ಕೂರೋದು: ಬ್ಯೂಟೇನ್‌ಗೆ 28 ಮಿಲಿಬಾರ್, ಪ್ರೊಪೇನ್‌ಗೆ 37. ಎರಡರ ಬಾಯಿಯೂ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಕೂರಿಸೋಕೆ ಹೋಗಲೂಬಾರದು.

ಇಷ್ಟೆಲ್ಲಾ ತಿಳ್ಕೊಂಡ ಮೇಲೆ ನನಗೆ ಸ್ವಲ್ಪ ಜಂಬ ಬಂತು. ಯಾರಾದ್ರೂ ಕೇಳಿದ್ರೆ ಹತ್ತು ನಿಮಿಷ ಲೆಕ್ಚರ್ ಕೊಡ್ತಿದ್ದೆ.

6/8

ನವೆಂಬರ್. ಗ್ಲಾಸ್ಗೋದಿಂದ ಎ82 ರಸ್ತೆ ಹಿಡಿದು, ರಾನಕ್ ಮೂರ್ ಬಯಲು ದಾಟಿ ಗ್ಲೆನ್‌ಕೋ. ನೀವು ಲೈಕ್ ಮಾಡಿದ ಫೋಟೋ ಅವತ್ತಿನ ಸಂಜೆ ನಾಲ್ಕು ಗಂಟೆದು.

ರಾತ್ರಿ ಕ್ಯಾಂಪ್‌ಸೈಟ್‌ನಲ್ಲಿ ಗಾಳಿ ಅಂದ್ರೆ ಗಾಳಿ. ನೆಲದ ತೂತಿಂದ ಕಾಲಿಗೆ ಐಸ್ ಹಾಗೆ ಹೊಡೀತಿತ್ತು. ನಾನು ಒಂದು ಟವೆಲ್ ಮಡಚಿ ಅದರ ಮೇಲೆ ತುರುಕಿದೆ. ಮೇಲೆ ಚಾವಣಿಯಲ್ಲಿ ಗಾಳಿಗೆ ಅಂತ ಬಿಟ್ಟಿದ್ದ ಸಂದು ಇತ್ತು, ಅದಕ್ಕೆ ಟೇಪ್. ಹೊರಗೆ ಫ್ರಿಜ್ ಹಿಂದಿನ ಮೇಲಿನ ಗ್ರಿಲ್‌ಗೆ ಗಾಳಿ ನುಗ್ಗಿ ಉರಿ ಆರ್ತಿತ್ತು, ಅದಕ್ಕೂ ಪ್ಲಾಸ್ಟಿಕ್ ಇಟ್ಟು ಟೇಪ್. ಮೂರು ತೂತು, ಮೂರನ್ನೂ ಮುಚ್ಚಿದ್ದು ನಾನೇ. ಟೆಕ್ನಿಕಲ್ ಇನ್‌ಚಾರ್ಜ್!

ಆಮೇಲೆ ಒಲೆ ಸಿಮ್‌ನಲ್ಲಿ ಇಟ್ಟೆ, ಹತ್ತು ನಿಮಿಷ ವ್ಯಾನ್ ಬೆಚ್ಚಗಾಗಲಿ ಅಂತ. ರೂಮ್‌ಮೇಟ್ "ತಲೆ ನೋಯ್ತಿದೆ ಕಣೇ" ಅಂತ ಬೇಗ ಮಲಗಿದಳು. ಚಳಿಗೆ ಇರಬೇಕು ಅಂದೆ. ನಾನೂ ಹಾಗೇ ಒರಗಿದೆ. ನಿದ್ದೆ ಬಂತು.

ರಾತ್ರಿ ಎರಡು ಗಂಟೆ ದಾಟಿತ್ತು. ಕಿವಿ ಸೀಳೋ ಹಾಗೆ ಕೀಂ ಕೀಂ ಶಬ್ದ. ಲ್ಯಾಬ್‌ಮೇಟ್‌ನ ಅಮ್ಮ ಹಠ ಮಾಡಿ ಹಾಕಿಸಿದ್ದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅದು. ದುಡ್ಡು ದಂಡ ಅಂತ ಅವತ್ತು ನಾನು ಗೊಣಗಿದ್ದೆ. ಏಳೋಕೆ ಹೋದ್ರೆ ಕಾಲು ನನ್ನದಲ್ಲ ಅನ್ನಿಸ್ತು. ಲ್ಯಾಬ್‌ಮೇಟ್ ಬಾಗಿಲು ಎಳೆದು ತೆಗೆದ. ಇಬ್ಬರೂ ಸೇರಿ ರೂಮ್‌ಮೇಟ್‌ನ ಎಬ್ಬಿಸಿದ್ರೆ ಅವಳು ಏಳ್ತಿಲ್ಲ. "ಏಳೇ, ಏಳೇ" ಅಂತ ಕಿರುಚಿದೆ. ಸ್ಲೀಪಿಂಗ್ ಬ್ಯಾಗ್ ಸಮೇತ ಎಳ್ಕೊಂಡು ಹುಲ್ಲಿನ ಮೇಲೆ ಹಾಕಿದ್ವಿ. ಹೊರಗಿನ ಗಾಳಿಗೆ ಕಣ್ಣು ಬಿಟ್ಟು ವಾಂತಿ ಮಾಡಿದಳು.

ಪಕ್ಕದ ವ್ಯಾನಿನ ಗಂಡ ಹೆಂಡತಿ ಎದ್ದು ಬಂದು 999ಕ್ಕೆ ಫೋನ್ ಮಾಡಿದ್ರು. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಅವಳಿಗೆ ಕೆಲವು ಗಂಟೆ ಆಕ್ಸಿಜನ್. ಈಗ ಮೂರೂ ಜನ ಆರಾಮಾಗಿದೀವಿ. ಅವಳು ಇದನ್ನ ಓದಿ, ಹಾಕು ಅಂದ ಮೇಲೇ ಹಾಕ್ತಿದೀನಿ.

7/8

ಇದು ಯಾಕಾಯ್ತು ಅಂತ ಆಮೇಲೆ ಅದೇ ಇಂಜಿನಿಯರ್ ಬಂದು ವ್ಯಾನ್ ನೋಡಿ ಹೇಳಿದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಬೆಂಕಿಗೆ ಆಕ್ಸಿಜನ್ ಸಾಕಷ್ಟು ಸಿಕ್ಕಿದ್ರೆ ಉರಿ ನೀಲಿ, ಹೊರಬರೋದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ. ಸಿಗದಿದ್ರೆ ಉರಿ ಹಳದಿ ಆಗಬಹುದು, ಮಸಿ ಬರಬಹುದು, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಮುಚ್ಚಿದ ವ್ಯಾನಲ್ಲಿ ಮೂರು ಜನರ ಉಸಿರು ಮತ್ತು ಒಲೆ, ಎಲ್ಲಾ ಒಂದೇ ಗಾಳಿಯನ್ನ ಹಂಚ್ಕೊಳ್ತಿದ್ವು. ಇದರ ಜೊತೆಗೆ ಫ್ರಿಜ್ ಹೊಗೆ. ಅದು ಹೊರಗೆ ಹೋಗಬೇಕಿದ್ದ ಗ್ರಿಲ್‌ನ ನಾನು ಮುಚ್ಚಿದ್ದೆ. ಫ್ರಿಜ್ ಮತ್ತು ವ್ಯಾನ್ ಒಳಗಿನ ನಡುವೆ ಇರಬೇಕಿದ್ದ ಸೀಲ್ ವರ್ಷಗಳ ಹಿಂದೆಯೇ ಪುಡಿಪುಡಿಯಾಗಿತ್ತು. ಹೊಗೆಗೆ ಒಳಗೆ ಬರೋದೇ ಸುಲಭ ಆಯ್ತು.

ಎಲ್‌ಪಿಜಿಗೆ ವಾಸನೆ ಇರುತ್ತೆ, ಸೋರಿದ್ರೆ ಗೊತ್ತಾಗಲಿ ಅಂತಲೇ ಬೆರೆಸಿರೋ ವಾಸನೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟ್ಕೊಳ್ಳುತ್ತೆ. ಮೊದಲು ತಲೆನೋವು, ಆಮೇಲೆ ಸುಸ್ತು, ವಾಕರಿಕೆ, ನಿದ್ದೆ. ಎಲ್ಲಾ "ಟ್ರಿಪ್ ಸುಸ್ತು" ಅನ್ನೋ ಹಾಗೇ ಇರುತ್ತೆ.

ಮತ್ತೆ ಆ ನೆಲದ ತೂತು? ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಸುಮಾರು ಎರಡು ಪಟ್ಟು. ಸೋರಿದ್ರೆ ಮೇಲೆ ಹೋಗಲ್ಲ, ನೀರಿನ ಹಾಗೆ ನೆಲದಲ್ಲಿ ನಿಲ್ಲುತ್ತೆ. ಅದು ಇಳಿದು ಹೊರಗೆ ಹೋಗಲಿ ಅಂತ, ಹೊಸ ಗಾಳಿ ಒಳಗೆ ಬರಲಿ ಅಂತ ಬೇಕು ಅಂತಲೇ ಕೊರೆದಿರೋ ತೂತು. ನನ್ನ ಕಣ್ಣಿಗೆ ಅದು ಹಳೇ ವ್ಯಾನಿನ ಸವೆತ ಅನ್ನೋ ಹಾಗೆ ಕಂಡಿತ್ತು. ಫ್ರಿಜ್‌ನ ಹೈಡ್ರೋಜನ್ ಬಗ್ಗೆ ಲೆಕ್ಚರ್ ಕೊಡ್ತಿದ್ದ ನಾನು, ಈ ತೂತು ಯಾಕಿದೆ ಅಂತ ಒಂದು ಸಲ ಕೇಳಲಿಲ್ಲ.

8/8

ಅಪ್ಪನಿಗೆ ಒಂಬತ್ತು ದಿನ ಹೇಳಲಿಲ್ಲ. ಫೋನ್ ಮಾಡಿದಾಗೆಲ್ಲಾ "ಫ್ರಿಜ್ ಹೇಗೆ ಓಡ್ತಿದೆ?" ಅಂತ ಕೇಳ್ತಿದ್ರು, ಅಂಗಡಿಗೆ ಬಂದವರಿಗೆಲ್ಲಾ "ನಮ್ಮ ಪುಟ್ಟಿ ಬೆಂಕಿ ಫ್ರಿಜ್ ರಿಪೇರಿ ಮಾಡಿಸಿದ್ಲು" ಅಂತ ಹೇಳ್ಕೊಂಡಿದ್ರಂತೆ. ಹತ್ತನೇ ದಿನ ಅತ್ತುಕೊಂಡು ಎಲ್ಲಾ ಹೇಳಿದೆ.

ತುಂಬಾ ಹೊತ್ತು ಮಾತೇ ಇಲ್ಲ. ಹಿಂದೆ ಯಾವುದೋ ಕಂಪ್ರೆಸರ್ ಗುಂಯ್ ಅಂತಿರೋದು ಕೇಳಿಸ್ತಿತ್ತು. ಆಮೇಲೆ ಅಂದ್ರು: "ಮೂವತ್ತು ವರ್ಷದಿಂದ ಊರವರಿಗೆಲ್ಲಾ, ಫ್ರಿಜ್ ಹಿಂದೆ ಒಂದು ಗೇಣು ಜಾಗ ಬಿಡಿ ಅಂತ ಹೇಳ್ತಾ ಬಂದೆ. ಯಾಕೆ ಅಂತ ನಿನಗೆ ಸರಿಯಾಗಿ ಹೇಳಲೇ ಇಲ್ಲ ನೋಡು."

ತಪ್ಪು ಅವರದು ಅನ್ನೋ ಹಾಗೆ. ಅದನ್ನ ಕೇಳಿ ಇನ್ನೂ ಜಾಸ್ತಿ ಅಳು ಬಂತು.

ವ್ಯಾನ್ ಇನ್ನೂ ನಮ್ಮ ಹತ್ರಾನೇ ಇದೆ. ಫ್ರಿಜ್ ಹಿಂದಿನ ಸೀಲ್ ಹೊಸದು. ಎರಡು ಅಲಾರಂ: ಕಾರ್ಬನ್ ಮಾನಾಕ್ಸೈಡ್‌ದು ಮಲಗೋ ಜಾಗದ ಹತ್ತಿರ, ಎಲ್‌ಪಿಜಿದು ಕೆಳಗೆ ನೆಲದ ಹತ್ತಿರ. ಒಲೆ ಅಡುಗೆಗೆ ಮಾತ್ರ, ಕಿಟಕಿ ಸ್ವಲ್ಪ ತೆರೆದೇ. ಮಲಗೋ ಮುಂಚೆ ಸಿಲಿಂಡರ್ ಬಂದ್. ಅಮ್ಮ ಮನೆಯಲ್ಲಿ ಮಾಡೋದೂ ಇದೇ, "ರೆಗ್ಯುಲೇಟರ್ ಆಫ್ ಮಾಡಿದ್ಯಾ?" ಅಂತ ದಿನಾ ಕೇಳಿದಾಗ ನಾವು ರೇಗ್ತಿದ್ವಿ. ರಾತ್ರಿ ಬಂದ್ ಮಾಡಿದ್ರೂ ಬಾಗಿಲು ತೆಗೆಯದಿದ್ರೆ ಫ್ರಿಜ್ ಬೆಳಿಗ್ಗೆವರೆಗೂ ಸಾಕಷ್ಟು ತಣ್ಣಗೇ ಇರುತ್ತೆ, ಅದೂ ಇಲ್ಲಿಯ ಚಳಿಯಲ್ಲಿ! ಕಾಲಿಗೆ ಚಳಿ ಆದ್ರೆ ಎರಡು ಜೊತೆ ಸಾಕ್ಸ್.

ನಿಮ್ಮಲ್ಲಿ ಹೆಚ್ಚಿನವರು ಕ್ಯಾಂಪರ್ ವ್ಯಾನ್ ತಗೊಳ್ಳಲ್ಲ ಅಂತ ಗೊತ್ತು. ಆದ್ರೆ ಬೆಂಗಳೂರಿನ ಪಿಜಿಯಲ್ಲೋ ಬಾಡಿಗೆ ಮನೆಯಲ್ಲೋ ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಇದ್ರೆ ಇವತ್ತೇ ಹೋಗಿ ಮೇಲಿನ ವೆಂಟಿಲೇಟರ್ ನೋಡಿ. ಚಳಿ ಅಂತ, ಸೊಳ್ಳೆ ಬರುತ್ತೆ ಅಂತ ಯಾರಾದ್ರೂ ರಟ್ಟು ಅಂಟಿಸಿರ್ತಾರೆ. ಕಿತ್ತು ಹಾಕಿ. ಗೀಸರನ್ನ ಬಾತ್‌ರೂಮ್ ಹೊರಗೆ ಹಾಕಿಸೋಕೆ ಓನರ್ ಹತ್ರ ಜಗಳ ಆಡಿ. ನಮ್ಮ ವ್ಯಾನಲ್ಲಿ ಆಗಿದ್ದೇ ಅಲ್ಲೂ ಆಗೋದು, ಬೇಗ ಆಗೋದು.

ಡೌಟ್ ಇದ್ರೆ ಕಾಮೆಂಟಲ್ಲಿ ಕೇಳಿ. ಫ್ರಿಜ್ ಪ್ರಶ್ನೆಗಳಿಗೆ ಅಪ್ಪ ಉತ್ತರ ಕೊಡ್ತಾರಂತೆ, ಅದಕ್ಕೇ ಅಂತ ಹೊಸ ಅಕೌಂಟ್ ಮಾಡ್ಕೊಂಡಿದಾರೆ. ಮುಂದಿನ ಸಲ ವ್ಯಾನಿನ ನೀರಿನ ಟ್ಯಾಂಕ್ ಕಥೆ. ಅದರಲ್ಲಿ ಯಾರಿಗೂ ಏನೂ ಆಗಲ್ಲ, ಪ್ರಾಮಿಸ್.

#ಹಳೇವ್ಯಾನ್‌ಡೈರಿ #ಕನ್ನಡದಲ್ಲಿಬರೆಯೋಣ #ತೂತುಮುಚ್ಚಬೇಡಿ